ಕಿದ್ವಾಯಿ ನಗರಕ್ಕೆ ಒಗ್ಗದ ಕಾರು: ಭಾರತದಲ್ಲಿ ಟರ್ಬೊ ಸ್ಟೇಷನ್ ವ್ಯಾಗನ್ನಿನ ಚರಿತ್ರೆ

ದಕ್ಷಿಣ ದೆಹಲಿಯಲ್ಲಿ ಶ್ರೀ ಅರವಿಂದ ಮಾರ್ಗದ ಇಕ್ಕೆಲಗಳಲ್ಲಿ ಪೂರ್ವ ಮತ್ತು ಪಶ್ಚಿಮ ಎಂದು ಎರಡು ಭಾಗವಾಗಿ ಹರಡಿಕೊಂಡಿರುವ ಕಿದ್ವಾಯಿ ನಗರವು, ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರದ ನೌಕರರಿಗಾಗಿ ಕಟ್ಟಿದ ವಸತಿ ಬಡಾವಣೆಗಳಲ್ಲಿ ಒಂದು. ನೆಹರೂ ಸಂಪುಟದಲ್ಲಿ ಮೊದಲು ಸಂಪರ್ಕ ಖಾತೆಯನ್ನೂ ಆಮೇಲೆ ಆಹಾರ ಮತ್ತು ಕೃಷಿ ಖಾತೆಯನ್ನೂ ನಿರ್ವಹಿಸಿ 1954ರಲ್ಲಿ ತೀರಿಕೊಂಡ ರಫಿ ಅಹಮದ್ ಕಿದ್ವಾಯಿ ಅವರ ಹೆಸರನ್ನು ಈ ಬಡಾವಣೆಗೆ ಇಡಲಾಗಿದ್ದು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿಂದಾಗಿ ಕನ್ನಡಿಗರಿಗೂ ಈ ಹೆಸರು ಹೊಸದಲ್ಲ. ಲೋದಿ ಎಸ್ಟೇಟಿನ ಕನ್ನಡ ಶಾಲೆ ಮತ್ತು ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘ, ಇವೆರಡೂ ಬಡಾವಣೆಯಿಂದ ಕೆಲವೇ ಕಿಲೋಮೀಟರು ದೂರದಲ್ಲಿವೆ. ನಿಗದಿತ ಸಂಬಳ, ಮನೆ ತುಂಬ ಜನ, ಊರಿನಿಂದ ಬಂದು ಹೋಗುವ ನೆಂಟರು ಮತ್ತು ಅವರ ಗಂಟುಮೂಟೆ ಇವೆಲ್ಲವೂ ಒಟ್ಟಿಗೆ ಇರುವ ಇಂಥ ಬಡಾವಣೆಗೆ ಯಾವ ಕಾರು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬುದನ್ನು ಗಮನಿಸಿದರೆ, ಭಾರತದ ಕುಟುಂಬ ಕಾರಿನ ಚರಿತ್ರೆಯ ಬಹುಭಾಗ ತಾನಾಗಿ ತೆರೆದುಕೊಳ್ಳುತ್ತದೆ. ಒಗ್ಗದೆ ಹೋದವುಗಳಲ್ಲಿ ಮುಖ್ಯವಾದದ್ದು ಸ್ಟೇಷನ್ ವ್ಯಾಗನ್, ಅದರಲ್ಲಿಯೂ ಟರ್ಬೊ ಎಂಜಿನ್ನಿನ ವೇಗದ ವ್ಯಾಗನ್.

ಸ್ಟೇಷನ್ ವ್ಯಾಗನ್ ಅಥವಾ ಎಸ್ಟೇಟ್ ಎಂದು ಕರೆಯುವ ಕಾರಿನಲ್ಲಿ ಚಾವಣಿಯು ಹಿಂಬದಿಯವರೆಗೂ ಸಮನಾಗಿ ಚಾಚಿಕೊಂಡಿದ್ದು, ಸಾಮಾನು ಇಡುವ ಡಿಕ್ಕಿ ಪ್ರತ್ಯೇಕ ಪೆಟ್ಟಿಗೆಯಾಗಿರದೆ ಕೂರುವ ಜಾಗದೊಂದಿಗೆ ಒಂದಾಗಿರುತ್ತದೆ. ಹಿಂಬಾಗಿಲು ಮೇಲಕ್ಕೆ ತೆರೆಯುತ್ತದೆ, ಹಿಂದಿನ ಆಸನವನ್ನು ಮಡಚಿದರೆ ಸಾಮಾನಿನ ಜಾಗ ಎರಡು ಪಟ್ಟಿಗಿಂತಲೂ ಹೆಚ್ಚುತ್ತದೆ. ಇದರ ಅಡಿಗಟ್ಟು, ಚಕ್ರ, ಸ್ಪ್ರಿಂಗು ಮತ್ತು ಎಂಜಿನ್ ಎಲ್ಲವೂ ಸಾಮಾನ್ಯವಾಗಿ ಅದೇ ಹೆಸರಿನ ಸೆಡಾನ್ ಕಾರಿನವೇ ಆಗಿರುವುದರಿಂದ ಅದರ ಗುರುತ್ವಕೇಂದ್ರ ನೆಲಕ್ಕೆ ಹತ್ತಿರವಿರುತ್ತದೆ. ಎತ್ತರದ ಜೀಪು ಮಾದರಿಯ ವಾಹನ ತಿರುವಿನಲ್ಲಿ ಓಲಾಡುವಷ್ಟು ವ್ಯಾಗನ್ ಓಲಾಡುವುದಿಲ್ಲ. ಹೆಚ್ಚು ಸಾಮಾನು ಹೊತ್ತೂ ಕಾರಿನಂತೆಯೇ ಓಡುವ ಈ ಗುಣವೇ ವೇಗದ ವ್ಯಾಗನ್ನುಗಳ ಕಲ್ಪನೆಗೆ ಮೂಲವಾಯಿತು.

ಆ ಕಲ್ಪನೆಯನ್ನು ಕಾರ್ಯರೂಪಕ್ಕೆ ತಂದದ್ದು ಟರ್ಬೊಚಾರ್ಜರ್. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಈ ಸಾಧನದಲ್ಲಿ, ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಮತ್ತೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳೊಳಕ್ಕೆ ತುಂಬುತ್ತದೆ. ಹೆಚ್ಚು ಗಾಳಿ ಸಿಕ್ಕಿದಾಗ ಹೆಚ್ಚು ಇಂಧನವನ್ನು ಉರಿಸಬಹುದಾದ್ದರಿಂದ ಸಣ್ಣ ಎಂಜಿನ್ನೂ ದೊಡ್ಡದರಷ್ಟು ಶಕ್ತಿ ಕೊಡುತ್ತದೆ. ಒತ್ತಿದ ಗಾಳಿ ಕಾಯುವುದರಿಂದ ಅದನ್ನು ತಂಪುಮಾಡಲು ಇಂಟರ್‌ಕೂಲರ್ ಎಂಬ ಜಾಲರಿಯನ್ನು ನಡುವೆ ಜೋಡಿಸುತ್ತಾರೆ. ಕಾಲಿನಿಂದ ಆಕ್ಸಿಲರೇಟರ್ ಒತ್ತಿದ ಕ್ಷಣಕ್ಕೂ ಚಕ್ರ ವೇಗ ಪಡೆದು ಶಕ್ತಿ ಹುಟ್ಟುವ ಕ್ಷಣಕ್ಕೂ ನಡುವೆ ಉಳಿಯುವ ಅಂತರಕ್ಕೆ ಟರ್ಬೊ ಲ್ಯಾಗ್ ಎಂದು ಹೆಸರು.

ಯುರೋಪಿನಲ್ಲಿ ಮರ್ಸಿಡಿಸ್ ಬೆಂಜ್ ಸಂಸ್ಥೆ 1980ರಲ್ಲಿ ತನ್ನ 300 ಟಿಡಿ ವ್ಯಾಗನ್ನಿಗೆ 125 ಅಶ್ವಶಕ್ತಿಯ ಟರ್ಬೊ ಡೀಸೆಲ್ ಎಂಜಿನ್ ಕೂರಿಸಿತು. ವೋಲ್ವೊ 1994ರಲ್ಲಿ ಬ್ರಿಟಿಷ್ ಟೂರಿಂಗ್ ಕಾರ್ ಪಂದ್ಯಾವಳಿಗೆ 850 ಮಾದರಿಯ ವ್ಯಾಗನ್ನನ್ನೇ ಇಳಿಸಿ ನೋಡುಗರನ್ನು ಬೆರಗುಗೊಳಿಸಿತು. ಪಂದ್ಯದ ನಿಯಮದಂತೆ ಆ ಕಾರಿನಲ್ಲಿ ಟರ್ಬೊ ಇರಲಿಲ್ಲವಾದರೂ, ಮರುವರ್ಷ ರಸ್ತೆಗೆ ಬಂದ 850 ಟಿ-5ಆರ್ ಮಾದರಿಯಲ್ಲಿ 2.3 ಲೀಟರಿನ ಟರ್ಬೊ ಎಂಜಿನ್ ಸುಮಾರು 240 ಅಶ್ವಶಕ್ತಿ ಕೊಡುತ್ತಿತ್ತು. ಅದೇ ಕಾಲಕ್ಕೆ ಔಡಿ ಸಂಸ್ಥೆಯು ಪೋರ್ಷೆಯ ನೆರವಿನಿಂದ ತಯಾರಿಸಿದ ಆರ್‌ಎಸ್2 ಅವಾಂಟ್, 2.2 ಲೀಟರಿನ ಐದು ಸಿಲಿಂಡರ್ ಎಂಜಿನ್ನಿನಿಂದಲೇ 315 ಅಶ್ವಶಕ್ತಿ ಪಡೆದು ಗಂಟೆಗೆ 262 ಕಿಲೋಮೀಟರು ವೇಗ ಮುಟ್ಟುತ್ತಿತ್ತು.

ಭಾರತದಲ್ಲಿ ಈ ಬಗೆಯ ದೇಹರಚನೆ ಬೇರೆಯದೇ ಹಾದಿ ಹಿಡಿಯಿತು. ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಡರ್ ಕಾರಿನ ಎಸ್ಟೇಟ್ ರೂಪವನ್ನು ತಯಾರಿಸಿತ್ತಾದರೂ, ಅಂಥ ಉದ್ದ ಚಾವಣಿಯ ಅಂಬಾಸಡರ್ ಜನರ ಕಣ್ಣಿಗೆ ಹೆಚ್ಚಾಗಿ ಬಿದ್ದದ್ದು ಆಂಬುಲೆನ್ಸ್ ಮತ್ತು ಶವವಾಹನವಾಗಿ; ಮನೆಯ ಮುಂದೆ ನಿಲ್ಲಿಸುವ ಕಾರಿಗೆ ಪ್ರತ್ಯೇಕ ಡಿಕ್ಕಿ ಇರಲೇಬೇಕೆಂಬ ಭಾವನೆ ಬಲವಾಗಿ ಬೇರೂರಲು ಇದು ಒಂದು ಕಾರಣವಾಯಿತು. ಟಾಟಾ ಸಂಸ್ಥೆ 1992ರಲ್ಲಿ ಹೊರತಂದ ಎಸ್ಟೇಟ್, ಹೊರನೋಟದಲ್ಲಿ ಮರ್ಸಿಡಿಸ್ ವ್ಯಾಗನ್ನನ್ನು ನೆನಪಿಸುತ್ತಿದ್ದರೂ ಅದರ ಅಡಿಗಟ್ಟು ಟಾಟಾಮೊಬೈಲ್ ಪಿಕಪ್ ವಾಹನದ್ದಾಗಿತ್ತು. ಟರ್ಬೊ ಇಲ್ಲದ 1,948 ಸಿಸಿ ಡೀಸೆಲ್ ಎಂಜಿನ್ನಿನ ಸುಮಾರು 68 ಅಶ್ವಶಕ್ತಿಗೆ ಆ ಭಾರೀ ದೇಹವನ್ನು ಚುರುಕಾಗಿ ಎಳೆಯುವುದು ಸಾಧ್ಯವಿರಲಿಲ್ಲ.

ಟರ್ಬೊ ಡೀಸೆಲ್ ಎಂಜಿನ್ನಿನ ನಿಜವಾದ ಕುಟುಂಬ ವ್ಯಾಗನ್ನನ್ನು ಭಾರತದಲ್ಲಿ ಜೋಡಿಸಿದ ಮೊದಲಿಗರ ಸಾಲಿನಲ್ಲಿ ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ನಿಲ್ಲುತ್ತದೆ. ಎಪ್ಪತ್ತರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರಿನಿಂದ ಆರಂಭಿಸಿದ ಈ ಉದ್ಯಮವು, 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ ಡಾಲ್ಫಿನ್ ಎಂಬ ಫೈಬರ್‌ಗ್ಲಾಸ್ ದೇಹದ ಕಾರನ್ನು ಮಾರುಕಟ್ಟೆಗೆ ತಂದಿತು. 848 ಸಿಸಿ ಎಂಜಿನ್ನಿನ ಈ ಹಗುರ ಕಾರು ಮಾರಾಟದಲ್ಲಿ ಮಾರುತಿಯೆದುರು ಸೋತರೂ ರ‍್ಯಾಲಿಗಳಲ್ಲಿ ಹೆಸರು ಗಳಿಸಿತು. ತೊಂಬತ್ತರ ದಶಕದ ನಡುವಿನಲ್ಲಿ ಅದೇ ಸಂಸ್ಥೆ ಬ್ರಿಟನ್ನಿನ ರೋವರ್ ಮಾಂಟೆಗೊ ಕಾರಿನ ಬಿಡಿಭಾಗಗಳನ್ನು ತರಿಸಿ ಬೆಂಗಳೂರಿನಲ್ಲಿ ಜೋಡಿಸಿತು, ಮತ್ತು ಅದರಲ್ಲಿ ಸೆಡಾನ್ ಅಲ್ಲದೆ ಎಸ್ಟೇಟ್ ರೂಪವೂ ಇತ್ತು. ಪರ್ಕಿನ್ಸ್ ಸಂಸ್ಥೆಯೊಂದಿಗೆ ರೂಪಿಸಿದ 1,994 ಸಿಸಿಯ ಪ್ರೈಮಾ ಡೀಸೆಲ್ ಎಂಜಿನ್ನಿನಲ್ಲಿ ಇಂಧನವು ಸಿಲಿಂಡರಿನೊಳಕ್ಕೆ ನೇರವಾಗಿ ಚಿಮ್ಮುತ್ತಿತ್ತು. ಟರ್ಬೊ ನೆರವಿನಿಂದ ಸುಮಾರು 80 ಅಶ್ವಶಕ್ತಿ ಕೊಡುತ್ತಿದ್ದ ಈ ಎಂಜಿನ್ ಇಂಧನ ಉಳಿತಾಯಕ್ಕೆ ಹೆಸರಾಗಿತ್ತು. ಆದರೆ ಬ್ರಿಟನ್ನಿನಲ್ಲಿ 1984ರಲ್ಲಿ ಬಿಡುಗಡೆಯಾಗಿ, ಅಲ್ಲಿ ಬದುಕು ಮುಗಿಸುತ್ತಿದ್ದ ಮಾದರಿಯನ್ನು ದುಬಾರಿ ಬೆಲೆಗೆ ಕೊಳ್ಳಲು ಇಲ್ಲಿ ಹೆಚ್ಚು ಜನ ಮುಂದೆ ಬರಲಿಲ್ಲ, ಮತ್ತು ಅದರ ಜೋಡಣೆ ಬಹುಕಾಲ ನಡೆಯಲಿಲ್ಲ.

ಹೊಸ ಶತಮಾನದ ಆರಂಭದಲ್ಲಿ ವ್ಯಾಗನ್ನುಗಳ ಸಣ್ಣ ಸಾಲೊಂದು ಕಾಣಿಸಿಕೊಂಡಿತು. ಮಾರುತಿಯ ಬಲೆನೊ ಆಲ್ಟುರಾ ಮತ್ತು ಓಪೆಲ್ ಕೋರ್ಸಾ ಸ್ವಿಂಗ್ ಟರ್ಬೊ ಇಲ್ಲದ ಪೆಟ್ರೋಲ್ ಕಾರುಗಳಾಗಿದ್ದವು. 2004ರಲ್ಲಿ ಬಂದ ಟಾಟಾ ಇಂಡಿಗೊ ಮರೀನಾ 1,405 ಸಿಸಿಯ ಟರ್ಬೊ ಡೀಸೆಲ್ ಎಂಜಿನ್ನಿನಿಂದ 62 ಅಶ್ವಶಕ್ತಿ ಪಡೆದು, ಮಧ್ಯಮ ವರ್ಗದ ಕೈಗೆಟುಕಿದ ಟರ್ಬೊ ವ್ಯಾಗನ್ ಎನಿಸಿತು; ವೇಗಕ್ಕಿಂತ ಮಿತವ್ಯಯವೇ ಅದರ ಗುರಿಯಾಗಿತ್ತು. ಔರಂಗಾಬಾದಿನಲ್ಲಿ ಕಾರು ಜೋಡಿಸುತ್ತಿದ್ದ ಸ್ಕೋಡಾ ಸಂಸ್ಥೆಯ ಆಕ್ಟೇವಿಯಾ ಕಾಂಬಿ ಇದಕ್ಕಿಂತ ಮೇಲಿನ ದರ್ಜೆಯದು: ಸಾಮಾನಿಗೆ 548 ಲೀಟರು ಜಾಗ, ಆಸನ ಮಡಚಿದರೆ 1,512 ಲೀಟರು, ಮತ್ತು 90 ಅಶ್ವಶಕ್ತಿಯ 1.9 ಲೀಟರಿನ ಟರ್ಬೊ ಡೀಸೆಲ್ ಎಂಜಿನ್. ಆಕ್ಟೇವಿಯಾ ಸೆಡಾನಿನ ಆರ್‌ಎಸ್ ಎಂಬ ಕ್ರೀಡಾರೂಪವು 2004ರಲ್ಲಿ 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನಿನಿಂದ 150 ಅಶ್ವಶಕ್ತಿಯೊಂದಿಗೆ ಭಾರತಕ್ಕೆ ಬಂದಿತು. ಈ ಎರಡು ಎಂಜಿನ್ನುಗಳ ಟಾರ್ಕ್, ಅಂದರೆ ಚಕ್ರವನ್ನು ತಿರುಚುವ ಬಲ, ಒಂದೇ ಆಗಿತ್ತು: 210 ನ್ಯೂಟನ್ ಮೀಟರ್. ಅಶ್ವಶಕ್ತಿಯು ಆ ಬಲವನ್ನು ಎಷ್ಟು ವೇಗದ ಸುತ್ತುಗಳವರೆಗೆ ಕಾಯ್ದುಕೊಳ್ಳಬಹುದು ಎಂಬುದನ್ನು ಅವಲಂಬಿಸಿರುವುದರಿಂದ, ಪೆಟ್ರೋಲ್ ಎಂಜಿನ್ ಹೆದ್ದಾರಿಯಲ್ಲಿ ಮುನ್ನುಗ್ಗಿದರೆ ಡೀಸೆಲ್ ಎಂಜಿನ್ ಭಾರ ಹೊತ್ತು ನಿಧಾನ ಗತಿಯಲ್ಲಿ ಎಳೆಯುವುದರಲ್ಲಿ ಅದಕ್ಕೆ ಸರಿಗಟ್ಟುತ್ತಿತ್ತು.

ಕಿದ್ವಾಯಿ ನಗರದಂಥ ಬಡಾವಣೆಗೆ ಈ ಕಾರುಗಳು ಎಷ್ಟು ದೂರವಿದ್ದವು ಎಂಬುದನ್ನು ಸರ್ಕಾರದ ಒಂದು ನಿಯಮವೇ ತೋರಿಸುತ್ತದೆ. ಐದನೆಯ ವೇತನ ಆಯೋಗದ ನಂತರದ ವರ್ಷಗಳಲ್ಲಿ ಕೇಂದ್ರ ನೌಕರರಿಗೆ ಮೊದಲ ಕಾರು ಕೊಳ್ಳಲು ಸಿಗುತ್ತಿದ್ದ ಮುಂಗಡದ ಗರಿಷ್ಠ ಮಿತಿ 1.80 ಲಕ್ಷ ರೂಪಾಯಿ. ಆಕ್ಟೇವಿಯಾದ ಬೆಲೆಯಾದರೋ ಹತ್ತು ಲಕ್ಷವನ್ನು ಮೀರಿತ್ತು. ಮುಂಗಡದ ಹಣ ಮಾರುತಿ 800ರ ಹತ್ತಿರಕ್ಕೆ ತಲುಪುತ್ತಿತ್ತೇ ಹೊರತು ಅದರಾಚೆಗಲ್ಲ. ಹೆಚ್ಚು ಜನರನ್ನು ಒಯ್ಯಬೇಕಾದವರು 1994ರ ಸುಮೊ, 2000ದ ಕ್ವಾಲಿಸ್ ಮತ್ತು 2005ರ ಇನೋವಾ ವಾಹನಗಳನ್ನು ಬಾಡಿಗೆಗೆ ಹಿಡಿದರು, ಅನುಕೂಲವಿದ್ದವರು ಕೊಂಡರು. ಮೂರು ಸಾಲು ಆಸನವಿದ್ದ ಈ ವಾಹನಗಳೆದುರು ಎರಡೇ ಸಾಲಿನ ವ್ಯಾಗನ್ನು ನಿಲ್ಲಲಾರದಾಯಿತು.

ಬೆಲೆ ಮತ್ತು ಅಭಿರುಚಿಗಳಷ್ಟೇ ಪ್ರಬಲವಾದ ಇನ್ನೊಂದು ಕಾರಣ ಸುಂಕ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಹೆಚ್ಚು ಉದ್ದವಿರದ, ಪೆಟ್ರೋಲ್ ಎಂಜಿನ್ 1,200 ಸಿಸಿಯನ್ನೂ ಡೀಸೆಲ್ ಎಂಜಿನ್ 1,500 ಸಿಸಿಯನ್ನೂ ಮೀರದ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಲಾಯಿತು. ಉದ್ದವೇ ಬಂಡವಾಳವಾಗಿರುವ ವ್ಯಾಗನ್ನಿಗೆ ಇದು ನೇರ ಪೆಟ್ಟು. ಮರೀನಾದ ಎಂಜಿನ್ ಆ ಮಿತಿಯೊಳಗೇ ಇದ್ದರೂ ದೇಹ ನಾಲ್ಕು ಮೀಟರನ್ನು ದಾಟಿತ್ತು. ಟಾಟಾ ಸಂಸ್ಥೆ 2008ರಲ್ಲಿ ಅದೇ ಇಂಡಿಗೊದ ಬಾಲವನ್ನು ಮೊಟಕುಗೊಳಿಸಿ ಇಂಡಿಗೊ ಸಿಎಸ್ ಎಂಬ ಸೆಡಾನನ್ನು ಮಾಡಿ ಸುಂಕದ ಲಾಭ ಪಡೆಯಿತು, ಮರೀನಾ ಹಿಂದೆ ಸರಿಯಿತು. ಸಣ್ಣ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯುವ ಟರ್ಬೊ ತಂತ್ರ ಈ ನಿಯಮದಿಂದ ಬೆಳೆಯಿತು, ಅದನ್ನು ಹೊರಬೇಕಾಗಿದ್ದ ಉದ್ದನೆಯ ದೇಹ ಮಾತ್ರ ಅಳಿಯಿತು.

ದೆಹಲಿಯಲ್ಲಿ ಉಳಿದಿದ್ದ ಡೀಸೆಲ್ ವ್ಯಾಗನ್ನುಗಳ ಆಯುಸ್ಸನ್ನು ವಾಯುಮಾಲಿನ್ಯದ ವಿರುದ್ಧದ ಕ್ರಮಗಳು ನಿರ್ಧರಿಸಿದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರ ಏಪ್ರಿಲ್‌ನಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ರಾಜಧಾನಿ ಪ್ರದೇಶದಲ್ಲಿ ಓಡಬಾರದೆಂದು ಆದೇಶಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಬಲಪಡಿಸಿತು. ಹೀಗಾಗಿ 2004 ಅಥವಾ 2005ರಲ್ಲಿ ಕೊಂಡ ಡೀಸೆಲ್ ಕಾಂಬಿ ಅಥವಾ ಮರೀನಾ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದರ ದೆಹಲಿ ಬದುಕು ಮುಗಿಯಿತು. 2015ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು 2,000 ಸಿಸಿ ಮತ್ತು ಅದಕ್ಕೂ ಮೇಲಿನ ಡೀಸೆಲ್ ಕಾರುಗಳ ನೋಂದಣಿಯನ್ನೂ ತಾತ್ಕಾಲಿಕವಾಗಿ ತಡೆದಾಗ, ಮಹೀಂದ್ರ ಸಂಸ್ಥೆ ತನ್ನ ವಾಹನಗಳಿಗೆ 1.99 ಲೀಟರಿನ ಟರ್ಬೊ ಎಂಜಿನ್ ರೂಪಿಸಿ ಆ ಗೆರೆಯೊಳಗೆ ಬಂದಿತು. 2016ರ ಆಗಸ್ಟ್‌ನಲ್ಲಿ ಶೇಕಡಾ ಒಂದರ ಪರಿಸರ ಶುಲ್ಕದೊಂದಿಗೆ ಆ ತಡೆ ತೆರವಾಯಿತು.

ಆಮೇಲೆ ವೇಗದ ವ್ಯಾಗನ್ ಶ್ರೀಮಂತರ ಹವ್ಯಾಸವಾಗಿಯಷ್ಟೇ ಉಳಿಯಿತು. ಔಡಿ ಸಂಸ್ಥೆ 2015ರಲ್ಲಿ ತಂದ ಆರ್‌ಎಸ್6 ಅವಾಂಟ್ 560 ಅಶ್ವಶಕ್ತಿಯ, ಎರಡು ಟರ್ಬೊಗಳ ವಿ8 ಎಂಜಿನ್ ಹೊಂದಿದ್ದು, ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರು ವೇಗವನ್ನು 3.9 ಸೆಕೆಂಡಿನಲ್ಲಿ ತಲುಪುತ್ತಿತ್ತು. ಅದರ ಬೆಲೆ 1.35 ಕೋಟಿ ರೂಪಾಯಿ. ವೋಲ್ವೊ 2017ರಲ್ಲಿ ತಂದ ವಿ90 ಕ್ರಾಸ್ ಕಂಟ್ರಿ 1,969 ಸಿಸಿಯ ಡೀಸೆಲ್ ಎಂಜಿನ್ನಿನಿಂದ 235 ಅಶ್ವಶಕ್ತಿಯನ್ನೂ 480 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತಿತ್ತು, ಮತ್ತು ಟರ್ಬೊ ಲ್ಯಾಗ್ ನೀಗಿಸಲು ಸಂಕುಚಿತ ಗಾಳಿಯನ್ನು ಟರ್ಬೊದೊಳಕ್ಕೆ ಊದುವ ವ್ಯವಸ್ಥೆ ಅದರಲ್ಲಿತ್ತು. 2025ರ ಅಕ್ಟೋಬರಿನಲ್ಲಿ ಭಾರತಕ್ಕೆ ಬಂದ 265 ಅಶ್ವಶಕ್ತಿಯ ಆಕ್ಟೇವಿಯಾ ಆರ್‌ಎಸ್ ನೂರು ಕಾರುಗಳಿಗಷ್ಟೇ ಸೀಮಿತವಾಗಿತ್ತು. ಯುರೋಪಿನಲ್ಲಿ ಅದೇ ಎಂಜಿನ್ನಿನೊಂದಿಗೆ ಸಿಗುವ, ಸಾಮಾನಿಗೆ 640 ಲೀಟರು ಜಾಗವಿರುವ ಕಾಂಬಿ ಇಲ್ಲಿಗೆ ಬರಲಿಲ್ಲ.

ಇಷ್ಟರಲ್ಲಿ ಕಿದ್ವಾಯಿ ನಗರವೂ ಬದಲಾಯಿತು. ಪೂರ್ವ ಭಾಗದ ಹಳೆಯ ವಸತಿಗೃಹಗಳನ್ನು ಕೆಡವಿ, ಸುಮಾರು 86 ಎಕರೆಯಲ್ಲಿ 4,600ಕ್ಕೂ ಹೆಚ್ಚು ಮನೆಗಳ ಬಹುಮಹಡಿ ಕಟ್ಟಡಗಳನ್ನು ಎನ್‌ಬಿಸಿಸಿ ಸಂಸ್ಥೆ ನಿರ್ಮಿಸಿತು. ಕಾರುಗಳಿಗೆ ನೆಲಮಾಳಿಗೆಯಲ್ಲಿ ಜಾಗ ದೊರೆಯಿತು. ಕಾರು ಅಪರೂಪವಾಗಿದ್ದ ಕಾಲದ ಬಡಾವಣೆ, ಕಾರಿಲ್ಲದ ಮನೆಯೇ ಅಪರೂಪವೆಂಬ ಲೆಕ್ಕದಲ್ಲಿ ಮರುಹುಟ್ಟು ಪಡೆಯಿತು. ಆ ಲೆಕ್ಕದೊಳಗೆ ವ್ಯಾಗನ್ನಿಗೆ ಮಾತ್ರ ಪಾಲಿರಲಿಲ್ಲ. ಭಾರತೀಯ ಕುಟುಂಬಕ್ಕೆ ಅದು ಬೇಕಿರಲಿಲ್ಲ ಎಂಬ ಸಾಮಾನ್ಯ ವಿವರಣೆ ಈ ಚರಿತ್ರೆಯೆದುರು ಪೂರ್ತಿಯಾಗಿ ನಿಲ್ಲುವುದಿಲ್ಲ: ಜನ ಮತ್ತು ಸಾಮಾನನ್ನು ಒಟ್ಟಿಗೆ ಒಯ್ಯುವ ಅಗತ್ಯ ಇಲ್ಲಿ ಎಂದೂ ಇತ್ತು, ಅದನ್ನು ಪೂರೈಸುವ ತಂತ್ರವೂ ಮಾಂಟೆಗೊದ ಕಾಲದಿಂದಲೇ ಇತ್ತು. ಸೋತದ್ದು ಬೆಲೆಯ ಮುಂದೆ, ನಾಲ್ಕು ಮೀಟರಿನ ಗೆರೆಯ ಮುಂದೆ ಮತ್ತು ಡಿಕ್ಕಿಯೇ ಅಂತಸ್ತೆಂದು ತಿಳಿದ ಅಭಿರುಚಿಯ ಮುಂದೆ. ರಸ್ತೆಯ ಮೇಲೆ ಆ ಕಾರು ಸೋತಿರಲಿಲ್ಲ.