ಬರೆದವರೇ ಅಚ್ಚು ಹಾಕಿಸಿದ ಪುಸ್ತಕಗಳು

ಕನ್ನಡದಲ್ಲಿ ಪ್ರಕಾಶನ ಒಂದು ಕಸುಬಾಗಿ ನೆಲೆಯೂರುವ ಮೊದಲೇ ಲೇಖಕ ತನ್ನ ಪುಸ್ತಕವನ್ನು ತಾನೇ ಅಚ್ಚು ಹಾಕಿಸುವ ರೂಢಿ ಬೆಳೆದಿತ್ತು. ಹತ್ತೊಂಬತ್ತನೆಯ ಶತಮಾನದ ಮುದ್ರಣಯಂತ್ರಗಳಲ್ಲಿ ಹೆಚ್ಚಿನವು ಮಿಶನರಿಗಳ ಕೈಯಲ್ಲೋ ಸರ್ಕಾರದ ಕೈಯಲ್ಲೋ ಇದ್ದವು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಸೆರಾಂಪುರದಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿ ಶುರುವಾಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯದೇ ಆದ ಅಂಬಾವಿಲಾಸ ಮುದ್ರಾಕ್ಷರಶಾಲೆಯನ್ನು ನಡೆಸಿದರು. ಮತಪ್ರಚಾರ, ಶಾಲಾಪಠ್ಯ, ಆಡಳಿತ, ಇಲ್ಲವೇ ಅರಸರ ಅಭಿರುಚಿ, ಈ ನಾಲ್ಕರ ಹೊರಗೆ ಏನನ್ನಾದರೂ ಬರೆದವರಿಗೆ ಅಚ್ಚಿನ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ.

ಆ ಬಾಗಿಲು ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಮುದ್ದಣನ ಪ್ರಸಂಗವೇ ಸಾಕ್ಷಿ. ಮುದ್ದಣನೆಂದು ಹೆಸರಾದ ನಂದಳಿಕೆಯ ಲಕ್ಷ್ಮೀನಾರಾಯಣ ಉಡುಪಿಯಲ್ಲಿ ಅಂಗಸಾಧನೆಯ ಮಾಸ್ತರ. ಆಗ ಮೈಸೂರಿನಲ್ಲಿ ಎಸ್. ಜಿ. ನರಸಿಂಹಾಚಾರ್ಯ ಮತ್ತು ಎಂ. ಎ. ರಾಮಾನುಜಯ್ಯಂಗಾರ್ ಹಳೆಯ ಕಾವ್ಯಗಳನ್ನು ತಾಳೆಗರಿಯಿಂದ ಎತ್ತಿ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ ಮಾಲೆಗಳಲ್ಲಿ ಅಚ್ಚು ಹಾಕಿಸುತ್ತಿದ್ದರು. ಹೊಸಬನ ಕಾವ್ಯಕ್ಕೆ ಅಲ್ಲಿ ಜಾಗವಿರಲಿಲ್ಲ. ಲಕ್ಷ್ಮೀನಾರಾಯಣ ತಾನೇ ಬರೆದ ‘ಅದ್ಭುತ ರಾಮಾಯಣ’ವನ್ನು ಹಳೆಯ ಕವಿಯದೆಂದು ಹೇಳಿ ಕಳುಹಿಸಿದ, ಅದು 1895ರಲ್ಲಿ ಪ್ರಕಟವಾಯಿತು. ‘ರಾಮಾಶ್ವಮೇಧ’ವೂ ಹಾಗೆಯೇ ಹೋಯಿತು. 1901ರಲ್ಲಿ, ಮೂವತ್ತೊಂದರ ಆಸುಪಾಸಿನಲ್ಲಿ ಆತ ಕ್ಷಯದಿಂದ ತೀರಿಕೊಂಡ. ಕನ್ನಡದ ಅತ್ಯಂತ ಲವಲವಿಕೆಯ ಗದ್ಯಗಳಲ್ಲೊಂದು ತನ್ನ ಕರ್ತೃವನ್ನು ಮರೆಮಾಚಿಕೊಂಡೇ ಓದುಗರ ಮುಂದೆ ಬರಬೇಕಾಯಿತು.

ಸುಳ್ಳು ಹೆಸರಿನ ಹಾದಿ ಬೇಡವೆಂದವರಿಗೆ ಉಳಿದದ್ದು ಸ್ವಂತ ಖರ್ಚಿನ ಹಾದಿ. ಅದು ಕಷ್ಟವಾಗಿದ್ದಕ್ಕೆ ಹಣದ ಅಭಾವವೊಂದೇ ಕಾರಣವಲ್ಲ. ಕನ್ನಡ ಓದಬಲ್ಲವರು ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ, ಮದರಾಸು ಪ್ರಾಂತ, ನಿಜಾಮರ ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದರು. ಒಂದೊಂದು ಕಡೆಯೂ ಬೇರೆ ಪಠ್ಯ, ಬೇರೆ ಆಡಳಿತ ಭಾಷೆ. ಧಾರವಾಡದಲ್ಲಿ ಅಚ್ಚಾದ ಪುಸ್ತಕ ಮಂಗಳೂರಿನ ಅಂಗಡಿಗೆ ತಾನಾಗಿ ತಲುಪುವ ಏರ್ಪಾಡು ಇರಲಿಲ್ಲ. ಹೀಗೆ ಚದುರಿದ ಮಾರುಕಟ್ಟೆಯಲ್ಲಿ ಕಥೆ ಕಾದಂಬರಿಗಳ ಮೇಲೆ ಬಂಡವಾಳ ಹೂಡುವ ವ್ಯಾಪಾರಿ ಸಿಗುವುದು ಅಪರೂಪ. ಹಾಗಾಗಿ ಬರೆಯುವುದು, ಅಚ್ಚು ಹಾಕಿಸುವುದು, ಮಾರುವುದು ಮೂರೂ ಒಬ್ಬರ ಮೇಲೆಯೇ ಬಿದ್ದವು. ಮೂರನೆಯದು ಎಲ್ಲಕ್ಕಿಂತ ಕಠಿಣವಾಗಿತ್ತು; ಇಂದಿಗೂ ಹಾಗೆಯೇ ಇದೆ.

ಈ ಮೂರನ್ನೂ ಹೊತ್ತವರಲ್ಲಿ ಮೊದಲು ನೆನಪಾಗುವ ಹೆಸರು ಗಳಗನಾಥರದು. ಈಗಿನ ಹಾವೇರಿ ಜಿಲ್ಲೆಯ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿ (1869–1942) ವೃತ್ತಿಯಲ್ಲಿ ಶಾಲಾ ಮಾಸ್ತರರು. ಆ ಕಾಲದ ಉತ್ತರ ಕರ್ನಾಟಕದಲ್ಲಿ ಕಲಿತವರು ಮರಾಠಿ ಕಾದಂಬರಿಗಳನ್ನು ಓದುತ್ತಿದ್ದರು. ಆ ಓದುಗರನ್ನು ಕನ್ನಡಕ್ಕೆ ತಿರುಗಿಸಬೇಕಾದರೆ ಅಷ್ಟೇ ರೋಚಕವಾದ ಕಥೆಗಳನ್ನು ಕನ್ನಡದಲ್ಲಿ ಕೊಡಬೇಕು, ಅದೂ ಮನೆಯ ಬಾಗಿಲಿಗೇ ಒಯ್ದು ಕೊಡಬೇಕು ಎಂಬುದನ್ನು ಅವರು ಅರಿತಿದ್ದರು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಅವರ ಬರಹಕ್ಕೆ ನೆಲೆಯಾಯಿತು. ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಅವರ ಕಥೆ ಕನ್ನಡ ನಾಡಿನಲ್ಲಿ ದಂತಕಥೆಯಂತೆ ಉಳಿದಿದೆ. ಅದನ್ನು ತ್ಯಾಗದ ಚಿತ್ರವಾಗಿ ಮಾತ್ರ ಹೇಳುವುದು ವಾಡಿಕೆ. ಆದರೆ ಅದರಲ್ಲಿ ವ್ಯಾಪಾರದ ತಿಳಿವಳಿಕೆಯೂ ಇತ್ತು: ಅಂಗಡಿಯಿಲ್ಲದ ಸೀಮೆಯಲ್ಲಿ ಲೇಖಕನೇ ಅಂಗಡಿಯಾಗಬೇಕು.

ನಂಜನಗೂಡಿನ ತಿರುಮಲಾಂಬ (1887–1982) ಮನೆಯ ಹೊರಗೆ ತಿರುಗುವಂತೆಯೇ ಇರಲಿಲ್ಲ. ಎಳೆಯ ವಯಸ್ಸಿಗೇ ವಿಧವೆಯಾದ ಅವರು ಮನೆಯಲ್ಲೇ ಓದಿ, ಬರೆದು, 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದರು. ಮಾಲೆಯಲ್ಲಿ ಬಂದ ಅವರ ‘ಸುಶೀಲೆ’ ಕಾದಂಬರಿ ಮತ್ತೆ ಮತ್ತೆ ಮುದ್ರಣ ಕಂಡಿತು. ಅದರ ಹಿಂದೆಯೇ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿ’ ಪತ್ರಿಕೆಗಳೂ ಬಂದವು. ಲೇಖಕಿ, ಪತ್ರಿಕಾ ಸಂಪಾದಕಿ, ಪ್ರಕಾಶಕಿ ಮೂರೂ ಆದ ಮೊದಲ ಕನ್ನಡ ಮಹಿಳೆ ಅವರು. ಮುಂದೆ ಅವರು ಬರವಣಿಗೆಯಿಂದ ದೂರ ಸರಿದರು, ಓದುಗರೂ ಅವರನ್ನು ಮರೆತರು. ಮಹಿಳಾ ಸಾಹಿತ್ಯದ ಚರಿತ್ರೆಯನ್ನು ಹುಡುಕತೊಡಗಿದ ಮೇಲಷ್ಟೇ ವಿದ್ವಾಂಸರು ಅವರ ಹೆಸರನ್ನು ಮತ್ತೆ ಎತ್ತಿದರು. ಪ್ರಕಾಶಕನ ಆಸರೆಯಿಲ್ಲದ ಪುಸ್ತಕಕ್ಕೆ ಈ ಅಪಾಯ ಯಾವಾಗಲೂ ಇದ್ದದ್ದೇ. ಬರೆದವರು ಸುಮ್ಮನಾದರೆ ಮರುಮುದ್ರಣಕ್ಕೆ ಕೈಹಾಕುವವರು ಯಾರೂ ಇರುವುದಿಲ್ಲ.

ಒಂಟಿ ಲೇಖಕನ ಕಷ್ಟಕ್ಕೆ ಧಾರವಾಡ ಕಂಡುಕೊಂಡ ಉಪಾಯ ಚಂದಾ. 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯನ್ನು ಕಟ್ಟಿ ಬೆಳೆಸಿದ ಜಿ. ಬಿ. ಜೋಶಿ ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದವರು. ‘ಸತ್ತವರ ನೆರಳು’ ಅವರದೇ. ಮೊದಲೇ ಹಣ ಪಡೆದು, ವರ್ಷವಿಡೀ ಪುಸ್ತಕ ಕಳುಹಿಸುವುದು ಮಾಲೆಯ ಕ್ರಮ. ಚಂದಾದಾರರನ್ನು ಹುಡುಕಿಕೊಂಡು ಜೋಶಿಯವರು ಮನೆಮನೆಗೆ ಅಲೆದರು. ಬುರ್ಲಿ ಬಿಂದುಮಾಧವರ ‘ಮಿಂಚಿನಬಳ್ಳಿ’ಯೂ ಅದೇ ಊರಿನಿಂದ ಹೊರಟ ಮಾಲೆ. ಹೆಸರೇ ಕೇಳದ ಲೇಖಕನ ಮೊದಲ ಪುಸ್ತಕವೂ ಖಚಿತವಾಗಿ ಕೆಲವು ನೂರು ಮನೆ ಸೇರುತ್ತಿದ್ದುದು ಚಂದಾ ಪದ್ಧತಿಯ ದೊಡ್ಡ ಲಾಭ. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’, 1965ರಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದದ್ದು ಮನೋಹರ ಗ್ರಂಥಮಾಲೆಯಿಂದಲೇ. ಆಗ ಇಬ್ಬರೂ ಹೊಸಬರು. ಹೆಸರಿದ್ದವರನ್ನೇ ನೆಚ್ಚಿಕೊಂಡ ಅಂಗಡಿಕಾರನಿಗೆ ಇಂಥ ಧೈರ್ಯ ಬರುತ್ತಿರಲಿಲ್ಲ.

ಹೆಸರು ಮಾಡಿದ ಲೇಖಕರೂ ಪ್ರಕಾಶನವನ್ನು ಕೈಬಿಡಲಿಲ್ಲವೆಂಬುದು ಕನ್ನಡದ ಒಂದು ವಿಶೇಷ. ಮಾಸ್ತಿ ವೆಂಕಟೇಶ ಅಯ್ಯಂಗಾರರು 1944ರಿಂದ ‘ಜೀವನ’ ಪತ್ರಿಕೆಯ ಸಂಪಾದಕರಾಗಿದ್ದರು. ಅವರ ಪುಸ್ತಕಗಳು ಬೆಂಗಳೂರಿನ ಜೀವನ ಕಾರ್ಯಾಲಯದಿಂದ ಹೊರಬಂದವು. ಕುವೆಂಪು ಅವರ ಮೈಸೂರಿನ ಮನೆಯ ಹೆಸರು ‘ಉದಯರವಿ’. ಉದಯರವಿ ಪ್ರಕಾಶನದ್ದೂ ಅದೇ ಹೆಸರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯ ನಡೆಸಿದರು. ಜಿ. ಪಿ. ರಾಜರತ್ನಂ ಅವರದು ಶಾಕ್ಯ ಸಾಹಿತ್ಯ ಮಂಟಪ. ಸಭೆ ಸಮ್ಮೇಳನ ಎಲ್ಲೇ ಇರಲಿ, ಪುಸ್ತಕದ ಹೊರೆಯೊಂದಿಗೆ ಹಾಜರಾಗಿ ಮಾರಲು ಅವರು ಸಂಕೋಚಪಡುತ್ತಿರಲಿಲ್ಲ. ಬೌದ್ಧ ಸಾಹಿತ್ಯ, ಜೈನ ಕಥೆ, ಮಕ್ಕಳ ಪದ್ಯ, ಕುಡುಕ ರತ್ನನ ಪದ ಎಲ್ಲವೂ ಅವರ ಲೇಖನಿಯಿಂದ ಬಂದವು. ಈ ವೈವಿಧ್ಯ ಆಕಸ್ಮಿಕವಲ್ಲ. ಯಾವುದು ಓಡುತ್ತದೆ ಎಂದು ಲೆಕ್ಕಹಾಕುವ ಮಧ್ಯವರ್ತಿ ಇಲ್ಲದಾಗ ಲೇಖಕ ತನ್ನ ಮನಸ್ಸು ಹೋದಲ್ಲಿಗೆ ಹೋಗುತ್ತಾನೆ. 1936ರಲ್ಲಿ ಹೊರಬಂದ ಕಾರಂತರ ‘ಬಾಲಪ್ರಪಂಚ’ ಮಕ್ಕಳಿಗಾಗಿ ಒಬ್ಬನೇ ವ್ಯಕ್ತಿ ಬರೆದ ಮೂರು ಸಂಪುಟಗಳ ಸಚಿತ್ರ ವಿಶ್ವಕೋಶ. ವ್ಯಾಪಾರದ ಬುದ್ಧಿ ಇದ್ದವರಾರೂ ಸೂಚಿಸಲಾರದ ಕೆಲಸ ಅದು.

ಇಂಥ ಸಾಹಸದ ಬೆಲೆಯನ್ನು ನಿರ್ಧರಿಸುತ್ತಿದ್ದುದು ಮೊಳೆ ಅಚ್ಚಿನ ಲೆಕ್ಕಾಚಾರ. ಕನ್ನಡಕ್ಕೆ ಮೂಲ ಅಕ್ಷರಗಳಲ್ಲದೆ ಗುಣಿತ, ಒತ್ತುಗಳಿಗೂ ಬೇರೆ ಬೇರೆ ಮೊಳೆ ಬೇಕು. ಜೋಡಿಸುವವನ ಮುಂದಿನ ಗೂಡುಗಳಲ್ಲಿ ನೂರಾರು ಬಗೆ. ಹದಿನಾರು ಪುಟದ ಒಂದು ಫಾರಂ ಜೋಡಿಸಿ, ಕರಡು ತಿದ್ದಿ, ಅಚ್ಚು ಮಾಡಿದ ಕೂಡಲೇ ಅದನ್ನು ಒಡೆದು ಮೊಳೆಗಳನ್ನು ಮುಂದಿನ ಫಾರಮಿಗೆ ಬಳಸುತ್ತಿದ್ದರು. ಇಡೀ ಪುಸ್ತಕವನ್ನು ಜೋಡಿಸಿಟ್ಟುಕೊಳ್ಳುವಷ್ಟು ಸೀಸ ಯಾವ ಸಣ್ಣ ಮುದ್ರಣಾಲಯದಲ್ಲೂ ಇರಲಿಲ್ಲ. ಹೀಗಾಗಿ ಎರಡನೆಯ ಮುದ್ರಣವೆಂದರೆ ಮೊದಲಿನಿಂದ ಜೋಡಿಸುವ ಕೆಲಸ. ಅದನ್ನು ತಪ್ಪಿಸಲು ಒಂದೇ ಸಲಕ್ಕೆ ಸಾವಿರ ಪ್ರತಿ ತೆಗೆಸಬೇಕು, ಸಾವಿರ ಪ್ರತಿಯ ಕಾಗದಕ್ಕೆ ಮುಂಗಡ ಕೊಡಬೇಕು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಕಾಗದವೇ ಸಿಗದೆ ಎಷ್ಟೋ ಕೆಲಸಗಳು ನಿಂತವು. ಕನ್ನಡ ಪುಸ್ತಕದ ಮುಖಪುಟದ ಹಿಂಬದಿಯಲ್ಲಿ ‘ಪ್ರತಿಗಳು: 1000’ ಎಂಬ ಸಾಲು ಅಷ್ಟು ದೀರ್ಘಕಾಲ ಕಾಣಿಸಿಕೊಂಡದ್ದಕ್ಕೆ ಓದುಗರ ಸಂಖ್ಯೆಗಿಂತ ಯಂತ್ರವೇ ಹೆಚ್ಚು ಕಾರಣ. ಮಾರಾಟವಾಗದ ಪ್ರತಿಗಳು ಲೇಖಕನ ಅಟ್ಟ ಸೇರುತ್ತಿದ್ದವು.

ಅಟ್ಟದ ಭಾರವನ್ನು ಸ್ವಲ್ಪ ಇಳಿಸಿದ್ದು ಸರ್ಕಾರ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಮೂಲಕ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಬಂತು, ಊರೂರಲ್ಲಿ ಗ್ರಂಥಾಲಯಗಳಾದವು. ಮುಂದೆ ಗ್ರಂಥಾಲಯ ಇಲಾಖೆ ಆಯ್ಕೆಯಾದ ಪ್ರತಿ ಪುಸ್ತಕದ 300 ಪ್ರತಿಗಳನ್ನು ಪುಟದ ಲೆಕ್ಕದ ದರದಲ್ಲಿ ಕೊಳ್ಳುವ ಸಗಟು ಖರೀದಿ ರೂಢಿಗೆ ಬಂತು. ಸ್ವಂತ ದುಡ್ಡು ಹಾಕಿದವರಿಗೆ ಅಸಲಿನ ಒಂದು ಭಾಗವಾದರೂ ಹುಟ್ಟುವ ಭರವಸೆ ಸಿಕ್ಕಿತು. ಹೆಂಡತಿಯ, ಮಗಳ, ಮನೆದೇವರ ಹೆಸರಿನಲ್ಲಿ ಹುಟ್ಟಿದ ಒಂದೇ ಲೇಖಕರ ಪ್ರಕಾಶನಗಳು ಜಿಲ್ಲೆ ಜಿಲ್ಲೆಯಲ್ಲಿ ಕಾಣಿಸಿಕೊಂಡವು. ಸಣ್ಣ ಊರಿನ ಕವಿ, ನಿವೃತ್ತ ಮೇಷ್ಟರು, ಸ್ಥಳೀಯ ಚರಿತ್ರೆ ಬರೆದವರು ಪುಸ್ತಕ ಕಾಣಲು ಸಾಧ್ಯವಾದದ್ದು ಇದರಿಂದ. ಆದರೆ ಈ ಉಪಕಾರಕ್ಕೆ ಇನ್ನೊಂದು ಮುಖವಿದೆ. ಇಲಾಖೆಯೇ ದೊಡ್ಡ ಗಿರಾಕಿಯಾದ ಮೇಲೆ ಓದುಗನನ್ನು ಹುಡುಕುವ ಒತ್ತಾಯ ಸಡಿಲವಾಯಿತು. ಬಿಲ್ಲು ಪಾಸಾಗುವುದು ತಡವಾದ ವರ್ಷಗಳಲ್ಲಿ ಸಣ್ಣ ಪ್ರಕಾಶಕರು ಉಸಿರುಗಟ್ಟಿದರು. 1990ರ ದಶಕದಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡತೊಡಗಿತು.

ಇದೇ ಅವಧಿಯಲ್ಲಿ ಓದುಗರನ್ನೇ ನಂಬಿ ನಡೆದವರೂ ಇದ್ದರು. ಹೆಗ್ಗೋಡಿನಂಥ ಹಳ್ಳಿಯಿಂದ ಕೆ. ವಿ. ಸುಬ್ಬಣ್ಣ ಅಕ್ಷರ ಪ್ರಕಾಶನ ನಡೆಸಿ, ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆಗೂ ಹೊಸ ಕಾವ್ಯಕ್ಕೂ ನೆಲೆ ಕೊಟ್ಟರು. 1980ರಲ್ಲಿ ವಾರಪತ್ರಿಕೆ ಆರಂಭಿಸಿದ ಪಿ. ಲಂಕೇಶರು ತಮ್ಮ ಪುಸ್ತಕಗಳನ್ನು ಪತ್ರಿಕೆ ಪ್ರಕಾಶನದಿಂದ ತಂದರು. ಪತ್ರಿಕೆಯ ಓದುಗರೇ ಪುಸ್ತಕದ ಗಿರಾಕಿಗಳು. ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರ ಕೃತಿಗಳು ಪುಸ್ತಕ ಪ್ರಕಾಶನದಿಂದ ಬಂದವು. ‘ಪರಿಸರದ ಕಥೆ’, ಕೆನೆತ್ ಆಂಡರ್ಸನ್ನನ ಶಿಕಾರಿ ಅನುಭವಗಳನ್ನು ಆಧರಿಸಿದ ಕಾಡಿನ ಕಥೆಗಳು, ಜಗತ್ತಿನ ವಿಸ್ಮಯಗಳನ್ನು ಹೇಳುವ ಮಿಲೆನಿಯಂ ಸರಣಿಯ ಪುಟ್ಟ ಪುಸ್ತಕಗಳು ಕಾಲೇಜು ಹುಡುಗರ ಕಿಸೆಗೆ ಎಟುಕುವ ಬೆಲೆಯಲ್ಲಿ ಸಿಕ್ಕವು. ಕಂಪ್ಯೂಟರಿನಲ್ಲಿ ಕನ್ನಡ ಹೇಗೆ ಕೂರಬೇಕೆಂಬ ವಿಚಾರದಲ್ಲೂ ತೇಜಸ್ವಿ ತಲೆಹಾಕಿದ್ದರು. ಪ್ರಕಾಶನವನ್ನೂ ಬಲ್ಲ ಲೇಖಕನಿಗೆ ಅದು ಸಹಜವೇ.

ಕಂಪ್ಯೂಟರು ಮೊಳೆಯ ಲೆಕ್ಕಾಚಾರವನ್ನು ಬುಡಮೇಲು ಮಾಡಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂದಾಗ ಅಮೆರಿಕದಲ್ಲಿದ್ದ ಕನ್ನಡಿಗನೂ ಬೆಂಗಳೂರಿನ ಮುದ್ರಕನೂ ಒಂದೇ ಅಕ್ಷರದಲ್ಲಿ ಪುಟ ಕಟ್ಟುವಂತಾಯಿತು. ಜೋಡಣೆಯನ್ನು ಒಡೆಯುವ ಮಾತೇ ಇಲ್ಲ; ಕಡತ ಹಾಗೆಯೇ ಉಳಿಯುತ್ತದೆ. ಸಾಫ್ಟ್‌ವೇರ್ ಕ್ಷೇತ್ರದಲ್ಲಿದ್ದ ವಸುಧೇಂದ್ರ ಕಟ್ಟಿದ ಛಂದ ಪುಸ್ತಕ ಈ ಹೊಸ ಕಾಲದ ಒಳ್ಳೆಯ ಉದಾಹರಣೆ. ಅವರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಹಲವಾರು ಮುದ್ರಣ ಕಂಡಿತು. ಸಲಿಂಗಿ ಬದುಕನ್ನು ನೇರವಾಗಿ ಹೇಳಿದ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಇನ್ನೊಬ್ಬರ ಅನುಮತಿಗೆ ಕಾಯಬೇಕಿಲ್ಲದ ಲೇಖಕನಿಗೆ ಇಂಥ ಪುಸ್ತಕ ತರುವುದು ಹೆಚ್ಚು ಸುಲಭ. ಮೊದಲ ಕಥಾಸಂಕಲನಕ್ಕೆ ಸ್ಪರ್ಧೆ ಏರ್ಪಡಿಸಿ ಆಯ್ಕೆಯಾದದ್ದನ್ನು ಪ್ರಕಟಿಸುವ ಮೂಲಕ ಛಂದ ಇತರ ಹೊಸಬರಿಗೂ ದಾರಿ ಮಾಡಿತು.

ಬೇಡಿಕೆಗೆ ತಕ್ಕಂತೆ ಮುದ್ರಿಸುವ ಡಿಜಿಟಲ್ ಯಂತ್ರ ಬಂದ ಮೇಲೆ ನೂರು ಪ್ರತಿಯ ಮುದ್ರಣವೂ ಕೈಗೆಟುಕಿತು. ಮೈಲ್ಯಾಂಗ್‌ನಂಥ ವೇದಿಕೆಗಳಲ್ಲಿ ಕಾಗದವೇ ಬೇಡದ ಇ-ಪುಸ್ತಕ, ಕೇಳುಪುಸ್ತಕಗಳು ಬಂದವು. ಬಿಡುಗಡೆಗೆ ಮೊದಲೇ ಫೇಸ್‌ಬುಕ್ಕು, ವಾಟ್ಸಾಪಿನಲ್ಲಿ ಪ್ರಕಟಣೆ ಹಾಕಿ, ಮುಂಗಡ ಹಣ ಪಡೆದು, ಲೇಖಕರೇ ಲಕೋಟೆಗೆ ವಿಳಾಸ ಬರೆದು ಅಂಚೆಗೆ ಹಾಕುವುದು ಈಗ ಸಾಮಾನ್ಯ. ಸಾಹಿತ್ಯ ಸಮ್ಮೇಳನಗಳ ಮಳಿಗೆಗಳಲ್ಲಿ ಒಂದೇ ಮೇಜನ್ನು ನಾಲ್ಕಾರು ಸ್ವಂತ ಪ್ರಕಾಶಕರು ಸೇರಿ ಬಾಡಿಗೆಗೆ ಹಿಡಿಯುವುದೂ ಉಂಟು. ಹತ್ತು ಪುಸ್ತಕ ಮಾರಿಕೊಡಲು ಅಂಗಡಿಗೆ ಕೊಡಬೇಕಾದ ಕಮಿಷನ್ನಿನ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ.