ಕೊಟ್ಟು ಕಿತ್ತುಕೊಂಡ ಪೌರತ್ವ

1790ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳು, ಹೊರನಾಡಿನಲ್ಲಿ ಜನಿಸಿದವರಿಗೆ ತಮ್ಮ ಪೌರತ್ವವನ್ನು ನೀಡುವ ಶಾಸನವನ್ನು ಮೊತ್ತಮೊದಲು ರಚಿಸಿದಾಗ, ಆ ಹಕ್ಕಿಗೆ ಅರ್ಹರಾದವರು ಸ್ವತಂತ್ರರಾದ ಬಿಳಿಯರು ಮಾತ್ರವೆಂದು ವಿಧಿಸಿದುವು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಅಳಿದ ತರುವಾಯ, 1870ರಲ್ಲಿ, ಆಫ್ರಿಕ ಮೂಲದವರನ್ನೂ ಅದರೊಳಗೆ ಸೇರಿಸಿಕೊಂಡುವು. ಚೀನೀಯರನ್ನು 1882ರ ಕಾಯಿದೆ ಹೆಸರೆತ್ತಿಯೇ ಹೊರಗಿಟ್ಟಿತು. ನಮ್ಮ ದೇಶದವರ ವಿಷಯದಲ್ಲಾದರೋ ಶಾಸನವು ಮೌನವಾಗಿದ್ದುದರಿಂದ, ಅರ್ಜಿ ಹಿಡಿದು ಬಂದವನ ಹಣೆಬರಹವನ್ನು ಆಯಾ ಊರಿನ ನ್ಯಾಯಾಧೀಶನೇ ತನಗೆ ತೋಚಿದಂತೆ ನಿರ್ಣಯಿಸುತ್ತಿದ್ದನು. ಕ್ಯಾಲಿಫೋರ್ನಿಯದಲ್ಲಿ ಸಖಾರಾಮ ಗಣೇಶ ಪಂಡಿತರು 1914ರಲ್ಲಿ ಪೌರರಾಗಿ ವಕೀಲಿವೃತ್ತಿಯನ್ನು ಕೈಕೊಂಡರು; ಬೇರೆಡೆಗಳಲ್ಲಿ ಅವರಂಥವರೇ ಎಷ್ಟೋ ಮಂದಿ ಬರಿಗೈಯಲ್ಲಿ ಮರಳಿದರು.

ಈ ಅನಿಶ್ಚಯಕ್ಕೆ ಕೊನೆ ಹಾಡಿದ್ದು ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆ. ಪಂಜಾಬಿನಲ್ಲಿ ಹುಟ್ಟಿ, 1913ರಲ್ಲಿ ಅಮೆರಿಕಕ್ಕೆ ಹೋಗಿ, ಆರೆಗಾನಿನ ಮರದ ಕಾರ್ಖಾನೆಗಳಲ್ಲಿ ದುಡಿಯುತ್ತ ವಿದ್ಯೆಯ ಹಂಬಲವನ್ನು ಬಿಡದಿದ್ದ ಈ ಸಿಖ್ಖ ತರುಣನು, ಮೊದಲನೆಯ ಮಹಾಯುದ್ಧದ ಕಡೆಯ ತಿಂಗಳುಗಳಲ್ಲಿ ಆ ದೇಶದ ಸೈನ್ಯವನ್ನು ಸೇರಿ, ತಲೆಯ ಪೇಟವನ್ನು ತೆಗೆಯದೆಯೇ ಸಾರ್ಜೆಂಟ್ ಪದವಿಗೇರಿದನು. 1918ರ ಡಿಸೆಂಬರಿನಲ್ಲಿ, ಸೈನಿಕನ ಉಡುಪಿನಲ್ಲಿಯೇ ನ್ಯಾಯಾಲಯದ ಮುಂದೆ ನಿಂತು ಆತನು ಪಡೆದ ಪೌರತ್ವವನ್ನು ನಾಲ್ಕೇ ದಿನಗಳಲ್ಲಿ ರದ್ದುಗೊಳಿಸಲಾಯಿತು. ಎದೆಗುಂದದೆ ಆರೆಗಾನಿನಲ್ಲಿ ಮತ್ತೆ ಅರ್ಜಿ ಹಾಕಿ 1920ರಲ್ಲಿ ಎರಡನೆಯ ಸಲ ಗೆದ್ದನು. ಸರ್ಕಾರವು ಮೇಲ್ಮನವಿ ಹೂಡಿತು. ಹೀಗೆ ವಿಷಯವು ಪರಮೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಥಿಂದ್ ತೀರ್ಪಿಗೆ ಮೂರು ತಿಂಗಳ ಹಿಂದೆಯಷ್ಟೇ, ಟಕಾವೊ ಒಜಾವಾ ಎಂಬ ಜಪಾನೀಯನ ಅರ್ಜಿಯನ್ನು ತಳ್ಳಿಹಾಕುತ್ತ, ಬಿಳಿಯರೆಂದರೆ ಕಕೇಷಿಯನ್ ಜನಾಂಗದವರೆಂದು ಅದೇ ನ್ಯಾಯಾಲಯ ಹೇಳಿದ್ದಿತು. ಅಂದಿನ ಜನಾಂಗಶಾಸ್ತ್ರಜ್ಞರು ಉತ್ತರ ಹಿಂದೂಸ್ಥಾನದವರನ್ನು ಆ ಜನಾಂಗದೊಳಗೇ ಎಣಿಸುತ್ತಿದ್ದುದರಿಂದ, ಥಿಂದ್ ಪಕ್ಷದವರು ಆ ಮಾತನ್ನೇ ಆಧಾರವಾಗಿ ಹಿಡಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಉಚ್ಚಜಾತಿಯ ಹಿಂದುವು ತನ್ನ ದೇಶದ ಮೂಲನಿವಾಸಿಗಳೊಡನೆ ವಿವಾಹಸಂಬಂಧ ಬೆಳೆಸಲು, ಅಮೆರಿಕದ ಬಿಳಿಯನು ನೀಗ್ರೋವಿನೊಡನೆ ಬೆಳೆಸಲು ಹೇಗೋ ಹಾಗೆಯೇ, ಹೇಸುವನೆಂಬುದನ್ನೂ ಅವರು ತಮ್ಮ ಯೋಗ್ಯತೆಯ ಪ್ರಮಾಣವಾಗಿ ಮುಂದಿಟ್ಟರು. ಈ ವಾದವನ್ನು ಓದುವಾಗ ನನಗಾಗುವ ವ್ಯಥೆ ತೀರ್ಪನ್ನು ಓದುವಾಗಿನ ವ್ಯಥೆಗಿಂತ ಕಿರಿದಲ್ಲ. ಸಮಾನತೆಯನ್ನು ಬೇಡಲು ಹೋದವರು, ತಾಯ್ನಾಡಿನ ಅಸಮಾನತೆಯನ್ನೇ ಕಾಣಿಕೆಯಾಗಿ ಹೊತ್ತೊಯ್ದಿದ್ದರು.

ಆ ಕಾಣಿಕೆಯಿಂದ ಫಲವೂ ದೊರೆಯಲಿಲ್ಲ. 1923ರ ಫೆಬ್ರವರಿ 19ರಂದು ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡರು ನೀಡಿದ ಸರ್ವಾನುಮತದ ತೀರ್ಪು, ಶಾಸ್ತ್ರಜ್ಞರ ವರ್ಗೀಕರಣ ಏನೇ ಇರಲಿ, ಸಾಮಾನ್ಯ ಮನುಷ್ಯನು ಯಾರನ್ನು ಬಿಳಿಯನೆಂದು ತಿಳಿಯುವನೋ ಅವನೇ ಬಿಳಿಯನೆಂದು ಸಾರಿತು. ಜಪಾನೀಯನನ್ನು ಅಳೆದ ಕೋಲು ಹಿಂದೂಸ್ಥಾನದವನಿಗೆ ಅನುಕೂಲವಾಗಿ ಕಂಡೊಡನೆ ಕೋಲನ್ನೇ ಬದಲಿಸಿದುದು ನ್ಯಾಯವೆಂದು ನಾನು ಒಪ್ಪಲಾರೆ.

ಆ ಬಳಿಕ ಸರ್ಕಾರವು, ಅದುವರೆಗೆ ಪೌರರಾಗಿದ್ದವರ ಹಕ್ಕುಗಳನ್ನೂ ಕಿತ್ತುಕೊಳ್ಳತೊಡಗಿತು. ಪೇಷಾವರದ ವೈಷ್ಣೋದಾಸ ಬಾಗಾಯಿ, ಬ್ರಿಟಿಷರ ಆಳ್ವಿಕೆಯಲ್ಲಿ ಬಾಳಲೊಲ್ಲದೆ, 1915ರಲ್ಲಿ ಪತ್ನಿ ಕಲಾ ಮತ್ತು ಮೂವರು ಗಂಡುಮಕ್ಕಳೊಡನೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಬಂದಿಳಿದಿದ್ದರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಸಾಗಿಸಿಕೊಂಡು ಹೋದ ದಿನ, ನೆರೆಹೊರೆಯವರು ಬಾಗಿಲಿಗೆ ಬೀಗ ಜಡಿದು ಒಳಹೋಗಗೊಡದಿದ್ದಾಗ, ಆ ತಾಯಿ ಮಕ್ಕಳ ಕ್ಷೇಮಕ್ಕಾಗಿ ಅಂಜಿದರು, ಸಂಸಾರ ಹಿಂದಿರುಗಿತು. ಅಂಥ ಅಪಮಾನವನ್ನೂ ನುಂಗಿಕೊಂಡು 1921ರಲ್ಲಿ ಪೌರತ್ವ ಪಡೆದ ಬಾಗಾಯಿಯವರಿಗೆ, ತೀರ್ಪಿನ ತರುವಾಯ ಪೌರತ್ವವೂ ಹೋಯಿತು, ಅದರೊಡನೆ ಆಸ್ತಿಯ ಹಕ್ಕೂ ಜಾರಿತು. ಬಂಧುಗಳನ್ನು ಕಾಣಲು ಹಿಂದೂಸ್ಥಾನಕ್ಕೆ ಹೋಗಿಬರುವೆನೆಂದು ಪಾಸ್‌ಪೋರ್ಟ್ ಕೇಳಿದರೆ, ಬ್ರಿಟಿಷ್ ಪಾಸ್‌ಪೋರ್ಟ್ ಪಡೆಯಿರೆಂಬ ಸಲಹೆ ದೊರೆಯಿತು. ಯಾವ ಪ್ರಜೆತನವನ್ನು ತೊರೆಯಲೆಂದು ಸಮುದ್ರ ದಾಟಿದ್ದರೋ ಅದನ್ನೇ ಬೇಡಿಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. 1928ರಲ್ಲಿ, ತಮ್ಮ ನೋವನ್ನು ಪತ್ರಿಕೆಗೆ ಬರೆದ ಪತ್ರದಲ್ಲಿ ತೋಡಿಕೊಂಡು, ಪ್ರಾಣವನ್ನು ತ್ಯಜಿಸಿದರು.

ಥಿಂದ್ ಪರವಾಗಿ ವಾದಿಸಿ ಸೋತಿದ್ದ ಪಂಡಿತರ ಮೇಲೂ ಸರ್ಕಾರ ಕೈಮಾಡಿತು. ಅವರು ಈ ಬಾರಿ ಜನಾಂಗದ ಮಾತನ್ನೇ ಎತ್ತಲಿಲ್ಲ. ನ್ಯಾಯಾಲಯವೊಂದು ಸಕಲ ವಿಚಾರಣೆ ನಡೆಸಿ ಕೊಟ್ಟ ತೀರ್ಪನ್ನು ಸರ್ಕಾರ ಆಗಲೇ ಪ್ರಶ್ನಿಸಲಿಲ್ಲವೆಂದ ಮೇಲೆ, ಅದನ್ನು ನಂಬಿ ಮದುವೆ, ವೃತ್ತಿ, ಸ್ವತ್ತುಗಳನ್ನು ಕಟ್ಟಿಕೊಂಡವನ ಬಾಳನ್ನು ವರ್ಷಗಳ ಬಳಿಕ ಕೆಡವಲಾಗದೆಂಬುದು ಅವರ ನಿಲುವು. 1926ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮರುವರ್ಷ ಪರಮೋಚ್ಚ ನ್ಯಾಯಾಲಯ ಮಧ್ಯೆ ಪ್ರವೇಶಿಸಲು ನಿರಾಕರಿಸಿತು. ಥಿಂದ್ ಅವರಿಗೆ ಪೌರತ್ವ ಸ್ಥಿರವಾಗಿ ದೊರೆತದ್ದು 1936ರಲ್ಲಿ, ಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆಂದು ಹಿಂದಿನ ವರ್ಷ ಮಾಡಿದ ಕಾನೂನಿನ ಬಲದಿಂದ.

ಉಳಿದವರು 1946ರವರೆಗೆ ಕಾದರು. ಆ ವರ್ಷದ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಅಂಕಿತ ಹಾಕಿದ ಕಾಯಿದೆ ಭಾರತೀಯರಿಗೆ ಪೌರತ್ವದ ಹಕ್ಕನ್ನು ಕೊಟ್ಟಿತಾದರೂ, ಹೊಸದಾಗಿ ಬರುವವರ ಸಂಖ್ಯೆಯನ್ನು ವರ್ಷಕ್ಕೆ 100ಕ್ಕೆ ಮಿತಿಗೊಳಿಸಿತು. ಅದರ ಪ್ರಯೋಜನ ಪಡೆದು 1949ರಲ್ಲಿ ಪೌರರಾದ ದಲೀಪ್ ಸಿಂಗ್ ಸೌಂದ್, ಮರುವರ್ಷವೇ ತಮ್ಮೂರಿನ ನ್ಯಾಯಾಧಿಕಾರಿಯ ಚುನಾವಣೆಯಲ್ಲಿ ಗೆದ್ದರೂ, ಪೌರರಾಗಿ ಒಂದು ವರ್ಷ ತುಂಬಿರಲಿಲ್ಲವೆಂಬ ಕಾರಣದಿಂದ ಸ್ಥಾನ ವಂಚಿತರಾದರು. 1952ರಲ್ಲಿ ಮತ್ತೆ ನಿಂತು ಗೆದ್ದು, 1956ರಲ್ಲಿ ಕಾಂಗ್ರೆಸ್ಸಿಗೇ ಆರಿಸಿಹೋದರು. ಮೈಸೂರು, ಬೆಂಗಳೂರು, ಮಂಗಳೂರುಗಳ ವೈದ್ಯರೂ ಇಂಜಿನಿಯರರೂ ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಯೂರಲು ದಾರಿಯಾದದ್ದು ಆ ಹಳೆಯ ಮಿತಿಯನ್ನು ತೊಡೆದ 1965ರ ಕಾಯಿದೆಯಿಂದ.