ವರ್ಣಪರಿಷ್ಕರಣದಲ್ಲಿ ಫಲಭೇದ: ತಂತ್ರಾಂಶಗಳ ಗಣಿತವನ್ನು ಕುರಿತು

ಒಂದೇ ಕ್ಯಾಮೆರಾದ ಒಂದೇ ರಾ ಕಡತವನ್ನು ಲೈಟ್‌ರೂಮಿನಲ್ಲಿಯೂ ಡಾರ್ಕ್‌ಟೇಬಲ್ಲಿನಲ್ಲಿಯೂ ತೆರೆದು, ವೈಟ್ ಬ್ಯಾಲೆನ್ಸನ್ನು ಎರಡರಲ್ಲಿಯೂ 5500 ಕೆಲ್ವಿನ್ನಿಗೆ ನಿಲ್ಲಿಸಿದರೆ, ಒಂದರಲ್ಲಿ ತಟಸ್ಥವಾಗಿರುವ ಬೂದುಬಣ್ಣವು ಮತ್ತೊಂದರಲ್ಲಿ ಹಸುರಿಗೋ ನಸುಗೆಂಪಿಗೋ ವಾಲುವುದುಂಟು. ಇದನ್ನು ಒಂದು ತಂತ್ರಾಂಶದ ದೋಷವೆಂದು ಎಣಿಸುವುದು ವಾಡಿಕೆಯಾಗಿದ್ದರೂ, ಆ ಅಂಕಿಯೇ ಒಂದರಿಂದ ಇನ್ನೊಂದಕ್ಕೆ ಒಯ್ಯಬಹುದಾದ ಪರಿಮಾಣವಲ್ಲವೆಂಬುದು ಪ್ರಸ್ತುತ ಲೇಖಕನ ಅಭಿಮತ.

ಭೇದದ ಮೂಲವಿರುವುದು ಸೆನ್ಸರಿನಲ್ಲಿ. ಕೊಡ್ಯಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಂತೆ ಸೆನ್ಸರಿನ ಮೇಲೆ ಹರಡಿರುವ ಕೆಂಪು, ಹಸುರು, ನೀಲಿ ಫಿಲ್ಟರುಗಳ ಗ್ರಹಣಶಕ್ತಿಯು, ಸಿ.ಐ.ಇ. ಸಂಸ್ಥೆಯು 1931ರಲ್ಲಿ ನಿರೂಪಿಸಿದ ಪ್ರಮಾಣವೀಕ್ಷಕನ ಗ್ರಹಣಶಕ್ತಿಯಿಂದ ರೇಖೀಯವಾಗಿ ಪಡೆಯಬಹುದಾದುದಾಗಿರಬೇಕೆಂಬ ಲೂಥರ್ ನಿಯಮವನ್ನು ಸಾಮಾನ್ಯ ಕ್ಯಾಮೆರಾಗಳು ಪೂರೈಸಲಾರವು. ಆದಕಾರಣ ಕಣ್ಣಿಗೆ ಒಂದಾಗಿ ಕಾಣುವ ಎರಡು ವರ್ಣಗಳು ಕ್ಯಾಮೆರಾಕ್ಕೆ ಬೇರೆಯಾಗಿಯೂ, ಕಣ್ಣಿಗೆ ಬೇರೆಯಾದವು ಅದಕ್ಕೆ ಒಂದಾಗಿಯೂ ತೋರಬಹುದು. ಈ ಕೊರತೆಯನ್ನು ಒಂಬತ್ತು ಸಂಖ್ಯೆಗಳ ಮ್ಯಾಟ್ರಿಕ್ಸೊಂದರಿಂದ ಸರಿಪಡಿಸುವುದೆಂದರೆ ಕೆಲವು ವರ್ಣಗಳಿಗೆ ನ್ಯಾಯವನ್ನೂ ಉಳಿದವುಗಳಿಗೆ ಅಷ್ಟಿಷ್ಟು ಅನ್ಯಾಯವನ್ನೂ ಮಾಡುವುದೇ ಸರಿ. ಅಡೋಬಿ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಡಿ.ಎನ್.ಜಿ. ಕ್ರಮವು, ಸಾಮಾನ್ಯವಾಗಿ 2856 ಕೆಲ್ವಿನ್ನಿನ ಬಲ್ಬಿನ ಬೆಳಕಿಗೊಂದು, ಸುಮಾರು 6500 ಕೆಲ್ವಿನ್ನಿನ ಹಗಲಿನ ಬೆಳಕಿಗೊಂದು, ಹೀಗೆ ಎರಡು ಮ್ಯಾಟ್ರಿಕ್ಸುಗಳನ್ನಿರಿಸಿ ನಡುವಣ ಬೆಳಕಿಗೆ ಅವೆರಡರ ಮಿಶ್ರಣವನ್ನು ಗಣಿಸುತ್ತದೆ. ಹಗಲಿನದೊಂದನ್ನೇ ನೆಚ್ಚಿದ ತಂತ್ರಾಂಶವು ಸಂಜೆಯ ದೀಪದ ಚಿತ್ರದಲ್ಲಿ ಆ ಮಿಶ್ರಣದ ಫಲದಿಂದ ದೂರ ಸರಿಯುವುದು ಅನಿವಾರ್ಯ. ಕೆಲ್ವಿನ್ ಅಂಕಿಯನ್ನು ಕೆಂಪು, ನೀಲಿಗಳ ಗುಣಕಗಳಾಗಿ ಮಾರ್ಪಡಿಸುವುದೂ ಈ ಮ್ಯಾಟ್ರಿಕ್ಸಿನ ಮೂಲಕವೇ ಆದುದರಿಂದ, ಅದು ಬೇರೆಯಾದರೆ ಅಂಕಿಯ ಅರ್ಥವೂ ಬೇರೆಯಾಗುತ್ತದೆ. ಕೆಲ್ವಿನ್ ಅಂಕಿಯ ಜೊತೆಗಾರನಾದ, ಹಸುರು-ನಸುಗೆಂಪುಗಳ ವಾಲಿಕೆಯನ್ನು ತಿದ್ದುವ ಟಿಂಟ್ ಎಂಬ ಅಂಕಿಗಂತೂ ಎಲ್ಲರೂ ಒಪ್ಪಿದ ಮಾನವೇ ಇಲ್ಲ.

ಗುಣಾಕಾರವು ಎಲ್ಲಿ ನಡೆಯುತ್ತದೆಂಬುದೂ ಗಣ್ಯ. ವಾನ್ ಕ್ರೀಸನು 1902ರಷ್ಟು ಹಿಂದೆಯೇ ಸೂಚಿಸಿದ ಈ ಗುಣಾಕಾರದ ತತ್ತ್ವವನ್ನು ಒಂದು ತಂತ್ರಾಂಶವು ಕ್ಯಾಮೆರಾದ ಮೂಲಸಂಖ್ಯೆಗಳ ಮೇಲೆಯೂ, ಮತ್ತೊಂದು ಬ್ರಾಡ್‌ಫರ್ಡ್ ಪರಿವರ್ತನೆಯ ಮೂಲಕವೂ, ಇನ್ನೊಂದು ಕ್ಯಾಟ್16 ಎಂಬ ಪರಿವರ್ತನೆಯ ಮೂಲಕವೂ ಪ್ರಯೋಗಿಸಿದಾಗ, ಬಿಳುಪು ಮೂರರಲ್ಲಿಯೂ ಹೊಂದಿಕೊಂಡರೂ ಗಾಢವಾದ ನೀಲಿ, ಕೆಂಪುಗಳು ಹೊಂದಲೇಬೇಕೆಂದಿಲ್ಲ.

ವೈಟ್ ಬ್ಯಾಲೆನ್ಸಿನ ಹೊರಗೂ ಫಲಭೇದಕ್ಕೆ ಕಾರಣಗಳುಂಟು. ಅಡೋಬಿ ಆರ್‌ಜಿಬಿ ವರ್ಣವ್ಯಾಪ್ತಿಯ ಕಡತವನ್ನು ಎಸ್‌ಆರ್‌ಜಿಬಿಯೆಂದು ಓದಿದಾಗ ವರ್ಣಗಳು ಕಳೆಗುಂದುವುದು ಎಲ್ಲರೂ ಬಲ್ಲ ವಿಷಯ. ಅದಕ್ಕಿಂತ ಗೂಢವಾದುದು ರೇಖೀಯ ಗಣನೆಯ ಪ್ರಶ್ನೆ. ಕಪ್ಪುಬಿಳುಪುಗಳನ್ನು ಸಮಪಾಲಾಗಿ ಬೆರೆಸಿದಾಗ, ಸಂಕೇತಿತ ಸಂಖ್ಯೆಗಳ ಮೇಲೆ ಗಣಿಸುವ ತಂತ್ರಾಂಶವು 128ನ್ನೂ, ಬೆಳಕಿನ ಪ್ರಮಾಣದ ಮೇಲೆ ಗಣಿಸುವುದು 188ನ್ನೂ ಕೊಡುತ್ತದೆ. 2018ರ ಗಿಂಪ್ 2.10 ಆವೃತ್ತಿಯಲ್ಲಿ ರೇಖೀಯ ಗಣನೆಯು ಬಳಕೆಗೆ ಬಂದುದರಿಂದ, ಒಂದೇ ತಂತ್ರಾಂಶದ ಹಳೆಯ, ಹೊಸ ಆವೃತ್ತಿಗಳಲ್ಲಿಯೇ ಈ ಅಂತರವು ತಲೆದೋರಬಹುದಾಗಿದೆ.

ತಾಳೆಗರಿಗಳನ್ನೂ ವರ್ಣಚಿತ್ರಗಳನ್ನೂ ಮುಂದಿನವರಿಗಾಗಿ ಚಿತ್ರೀಕರಿಸಿಡುವವರಿಗೆ ಇದು ಕೇವಲ ಅಭಿರುಚಿಯ ವಿಷಯವಲ್ಲ. ಕೆಲ್ವಿನ್ ಅಂಕಿಯೊಂದನ್ನೇ ಬರೆದಿಡುವುದರಿಂದ ಪ್ರಯೋಜನವಿಲ್ಲ. ತಂತ್ರಾಂಶದ ಹೆಸರು, ಆವೃತ್ತಿ, ಪ್ರೊಫೈಲುಗಳನ್ನು ದಾಖಲಿಸಿ, ಇಪ್ಪತ್ತನಾಲ್ಕು ಚೌಕಗಳ ವರ್ಣಫಲಕವನ್ನು ಅದೇ ಬೆಳಕಿನಲ್ಲಿ ಚಿತ್ರಿಸಿಟ್ಟು, ಪರಿಷ್ಕರಣವನ್ನು ಒಂದೇ ತಂತ್ರಾಂಶದಲ್ಲಿ ಮುಗಿಸಿ, ಫಲವನ್ನು ಪ್ರೊಫೈಲ್ ಸಹಿತವಾದ 16 ಬಿಟ್ ಟಿಫ್ ಕಡತವಾಗಿ ಕಾಪಿಡಬೇಕು. ಹಾಗಿದ್ದೂ, ಫಲಕದ ಚೌಕಗಳು ಹೊಂದಿದ ಮಾತ್ರಕ್ಕೆ ನೀಲಿಗಿಡದ ಬಣ್ಣವೋ ಅರಗಿನ ಕೆಂಪೋ ಹೊಂದಿತೆಂದು ತಿಳಿಯಲಾಗದು. ಬೆಳಕನ್ನು ಅವು ಪ್ರತಿಫಲಿಸುವ ಬಗೆಯು ಫಲಕದ ಬಣ್ಣಗಳದಕ್ಕಿಂತ ಬೇರೆಯಾದುದು.